ನೀನು ಬಿಟ್ಟುಕೊಟ್ಟ ಮೂರು ನಿಮಿಷ

ಪಾಲೋ ಸೆಕೊ, ಅರಿಜೋನಾ
ಗುರುವಾರ, ಅಕ್ಟೋಬರ್ ೧೬

ನನ್ನ ಪ್ರೀತಿಯ ಕೊಮಾದ್ರೆ ಲಾಲಾ,

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ, ಅದಕ್ಕೇ ಕೇಳದೆ ಶುರುಮಾಡುತ್ತಿದ್ದೇನೆ. ನಿನ್ನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ಒಣಹಳ್ಳ. ಅದನ್ನು ದಾಟಿ ಬಂದು ಬಾಗಿಲು ತಟ್ಟಬಹುದಿತ್ತು. ನಿನ್ನೆ ಸಂಜೆ ಹೊರಟೂ ಇದ್ದೆ. ಹಳ್ಳದ ದಂಡೆಯವರೆಗೆ ಬಂದು, ನಿನ್ನ ಮೆಂಬ್ರಿಯೊ ಹಣ್ಣಿನ ಗಿಡಗಳು ಕಂಡ ಕೂಡಲೇ ಕಳ್ಳಿಯ ಹಾಗೆ ತಿರುಗಿ ಬಂದುಬಿಟ್ಟೆ. ನಿನ್ನ ಮಗಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತು ಅವಳ ಜ್ಞಾನತಾಯಿಯಾಗಿ, ನಿನಗೆ ಕೊಮಾದ್ರೆ ಆದವಳು ನಾನು. ಆ ಮಾತಿಗೆ ಎಷ್ಟು ತೂಕವಿದೆ ಎಂದು ಈ ವಾರ ಗೊತ್ತಾಯಿತು.

ಈ ಬುಧವಾರ ನೀನು ಕಚೇರಿಗೆ ಬರಲಿಲ್ಲ. ಪತ್ರಿಕೆಯ ಕಟ್ಟು ಬಂದಾಗಲೆಲ್ಲ ಎದುರು ಕೂತು, ಹಾಳೆಯೊಳಗೆ ಹಾಳೆ ಸೇರಿಸಿ ಮಡಿಸುತ್ತಾ, ನನ್ನ ಸಂಪಾದಕೀಯವನ್ನು ಆಡಿಕೊಂಡು ನಗುತ್ತಿದ್ದವಳು ನೀನು. ಈ ಸಲ ನಾನೂ ತಾಚೊ ಇಬ್ಬರೇ ಮಡಿಸಿದೆವು. ಅವನು ನಿನ್ನ ಕುರ್ಚಿಯನ್ನೊಮ್ಮೆ ನೋಡಿದ. ಮನೆಮನೆಗೆ ಪತ್ರಿಕೆ ಹಾಕುವವನಿಗೆ ಊರಲ್ಲಿ ಗೊತ್ತಿಲ್ಲದ್ದು ಏನಿದೆ?

ನಿನ್ನ ಬಾವಿಯ ಪಕ್ಕದಲ್ಲಿ ನೀರು ಕುಡಿಯುವ ಡೇಟಾ ಸೆಂಟರಿಗೆ ಜಾಗ ಕೊಡಬೇಕೇ ಎಂದು ಕೌಂಟಿ ಮಂಡಳಿ ಮಂಗಳವಾರ ನಡೆಸಿದ ಸಭೆಯನ್ನು ನೀನು ಕಣ್ಣಾರೆ ನೋಡಿದ್ದೀಯ, ಮತ್ತೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ನನ್ನ ಬಾಯಿಂದ ನೀನು ಕೇಳಿಲ್ಲ.

ಭಾನುವಾರ ನಿನ್ನ ಅಡುಗೆಮನೆಯಲ್ಲಿ ಕೂತು ಇಬ್ಬರೂ ಮಾತು ಕಟ್ಟಿದ್ದೆವು. ಗಂಟಲಿನ ಶಸ್ತ್ರಚಿಕಿತ್ಸೆ ಆದಮೇಲೆ ನಿನ್ನದು ಪಿಸುಮಾತು. ಕೌಂಟಿ ಮಂಡಳಿಯ ಮೈಕಿಗೂ ಅದು ಕೇಳಿಸುವುದಿಲ್ಲ ಎಂದು ನೀನೇ ತಮಾಷೆ ಮಾಡಿದೆ. ಸಭೆಯಲ್ಲಿ ತಲೆಗೆ ಮೂರು ನಿಮಿಷ. ಮಾತಾಡದವರು ತಮ್ಮ ಪಾಲನ್ನು ಬೇರೆಯವರಿಗೆ ಬಿಟ್ಟುಕೊಡಬಹುದು. ನಿನ್ನದನ್ನು ನನಗೆ ಬಿಟ್ಟುಕೊಟ್ಟೆ. ಮೆಂಬ್ರಿಯೊ ಹಣ್ಣಿನ ಹಲ್ವಾ ಕತ್ತರಿಸುತ್ತಾ, ಹೇಳಬೇಕಾದ್ದನ್ನು ನನ್ನ ಕಿವಿಗೆ ಹಾಕಿದೆ.

"ಬೆಳಿಗ್ಗೆ ನಲ್ಲಿ ತಿರುಗಿಸಿದ್ರೆ ಮೊದಲು ಕೆಮ್ಮುತ್ತೆ, ಆಮೇಲೆ ಮರಳು ಉಗುಳುತ್ತೆ, ಆಮೇಲೆ ನೀರು. ನನ್ನ ಬಾವಿಗಿಂತ ಆಳಕ್ಕೆ ಕೊರೆಯೋರು ಪಕ್ಕದಲ್ಲೇ ಬಂದು ಕೂತ್ರೆ ನನಗೆ ಉಳಿಯೋದು ಆ ಕೆಮ್ಮು ಮಾತ್ರ. ಇಷ್ಟು ಹೇಳು ಸಾಕು. ಅಳಬೇಡ. ನೀನು ಅತ್ರೆ ಮುಖ ಕೆಟ್ಟದಾಗಿ ಕಾಣುತ್ತೆ."

ನಾನು ಒಪ್ಪಿಸಿದೆ. ಮರಳನ್ನು ಮೊದಲು ಹೇಳಿಬಿಟ್ಟೆ ಎಂದು ನೀನು ತಿದ್ದಿದೆ. ಮತ್ತೆ ಒಪ್ಪಿಸಿದೆ. ಆಗ ನೀನು ನನ್ನ ಕೆನ್ನೆ ತಟ್ಟಿ, ಇನ್ನು ಮೇಲೆ ನನ್ನ ಗಂಟಲು ನೀನೇ ಕಣೇ ಎಂದೆ.

ಮಂಗಳವಾರ ಬೆಳಿಗ್ಗೆ ನೀನು ಗಾಡಿ ನಿಲ್ಲಿಸಲು ನೆರಳು ಹುಡುಕುತ್ತಿದ್ದಾಗ, ಆ ಡೇಟಾ ಸೆಂಟರ್ ಕಂಪನಿಯ ಹೆಂಗಸು ಬಾಗಿಲ ಬಳಿ ನನ್ನನ್ನು ಪಕ್ಕಕ್ಕೆ ಕರೆದಳು. ಬಹಳ ನಯವಾದವಳು. ನಮ್ಮ ಪತ್ರಿಕೆ ಊರಿನ ಉಸಿರು, ಅದು ನಿಲ್ಲಬಾರದು ಎಂದಳು. ಇಡೀ ವರ್ಷ ಪ್ರತಿ ವಾರ ಇಡೀ ಪುಟದ ಜಾಹೀರಾತು ಕೊಡುತ್ತೇವೆ, ಪತ್ರಿಕೆಯವರು ಎರಡೂ ಕಡೆಗೆ ಸಮನಾಗಿ ನಡೆದುಕೊಂಡರೆ ಸಾಕು ಎಂದಳು. ನನ್ನ ಸ್ಥಿತಿ ನಿನಗೆ ಗೊತ್ತು. ನಗರದ ಅಚ್ಚುಕೂಟ ಮುಚ್ಚಿದ ಮೇಲೆ ಪತ್ರಿಕೆ ಪಕ್ಕದ ರಾಜ್ಯದಲ್ಲಿ ಅಚ್ಚಾಗಿ ಬರುತ್ತಿದೆ. ಸತ್ತ ಚಂದಾದಾರರ ಮನೆಯಲ್ಲಿ ಮಕ್ಕಳು ಮೊಬೈಲ್ ನೋಡುತ್ತಾರೆ. ಕ್ರಿಸ್‌ಮಸ್ ದಾಟುವುದಿಲ್ಲ ಎಂದು ನಾನೇ ನಿನ್ನ ಮುಂದೆ ಅತ್ತಿದ್ದೆ. ಅಪ್ಪನ ಪತ್ರಿಕೆ ನನ್ನ ಕೈಯಲ್ಲಿ ಸಾಯುತ್ತದೆ ಎನ್ನುವ ಭಯ ಎಂಥದೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಭಯವಿತ್ತು ಎಂದ ಮಾತ್ರಕ್ಕೆ ಮಾಡಿದ್ದು ಸರಿಯಾಗುವುದಿಲ್ಲ.

ಅಧ್ಯಕ್ಷೆ ನಮ್ಮಿಬ್ಬರ ಹೆಸರು ಕರೆದು, ಬುಸ್ತಮಾಂತೆಯವರ ಸಮಯ ಒಲಿವಾಸ್ ಅವರಿಗೆ ಎಂದಾಗ ನೀನು ಎರಡನೆಯ ಸಾಲಿನಲ್ಲಿ ನೆಟ್ಟಗೆ ಕೂತೆ. ಇಸ್ತ್ರಿ ಮಾಡಿದ ಆ ನೀಲಿ ಅಂಗಿಯನ್ನು ನೀನು ಹಾಕುವುದು ಮದುವೆಗೆ, ಮಣ್ಣಿಗೆ ಮಾತ್ರ. ನಾನು ಮೈಕಿನ ಮುಂದೆ ನಿಂತೆ. ಕೆಮ್ಮೂ ಬರಲಿಲ್ಲ, ಮರಳೂ ಬರಲಿಲ್ಲ. ಬಂದದ್ದು ಏನು? ಪತ್ರಿಕೆಯವಳಾಗಿ ನನಗೆ ಎರಡು ಕಡೆಯೂ ಒಂದೇ, ನೀರಿನ ಚಿಂತೆಯೂ ನಿಜ, ಉದ್ಯೋಗದ ಆಸೆಯೂ ನಿಜ, ಮಂಡಳಿಯ ವಿವೇಕದಲ್ಲಿ ನಂಬಿಕೆಯಿದೆ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟೆ. ನಿನ್ನ ಪಾಲಿನ ಸಮಯ ಪೂರ್ತಿ ಉಳಿದುಹೋಯಿತು. ಸಮಯ ಉಳಿಸಿಕೊಟ್ಟಿದ್ದಕ್ಕೆ ಅಧ್ಯಕ್ಷೆ ನನಗೆ ಧನ್ಯವಾದ ಹೇಳಿದಳು. ಜನ ನಕ್ಕರು. ನಾನೂ ನಕ್ಕೆ, ಲಾಲಾ. ಆ ನಗುವನ್ನು ನೆನೆದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವ ಹಾಗಾಗುತ್ತದೆ.

ಮಂಡಳಿಯ ಐವರಲ್ಲಿ ಒಬ್ಬನಾದ ಮುದುಕ ಡೆಲ್ಬರ್ಟ್ ಕ್ರೂಗರ್ ಅಪ್ಪನ ಗೆಳೆಯ, ಮೊದಲ ಸಂಚಿಕೆಯಿಂದ ಚಂದಾದಾರ. ಊರವರ ಮಾತು ಕೇಳಿಯೇ ಮತ ಹಾಕುತ್ತೇನೆ ಎಂದಿದ್ದವನು ಅವನೊಬ್ಬನೇ. ಇಬ್ಬರು ಆ ಕಡೆ, ಇಬ್ಬರು ಈ ಕಡೆ ಆದಮೇಲೆ ಎಲ್ಲರೂ ಅವನನ್ನೇ ನೋಡಿದರು. ಅವನು ನನ್ನನ್ನು ನೋಡಿದ.

"ಎರ್ಲಿಂದಾಗೇ ತಕರಾರಿಲ್ಲ ಅಂದ್ಮೇಲೆ ನಂದೇನು," ಎಂದು ಕಂಪನಿಯ ಪರವಾಗಿ ಕೈ ಎತ್ತಿಬಿಟ್ಟ.

ನಿನ್ನ ಬಾವಿಯ ಪಕ್ಕಕ್ಕೆ ಅವರನ್ನು ಕರೆತಂದು ಕೂರಿಸಿದ್ದು ಡೆಲ್ಬರ್ಟ್ ಅಲ್ಲ, ನಾನು.

ಬಂದದ್ದು ಒಂದೇ ಗಾಡಿಯಲ್ಲಿ, ವಾಪಸು ಹೋಗಬೇಕಾದದ್ದೂ ಅದರಲ್ಲೇ. ನೀನು ಬೈಯುತ್ತೀಯ ಎಂದು ಕಾದೆ. ಗಾಡಿಯಿಂದ ಇಳಿಸಿ ಬಿಸಿಲಲ್ಲಿ ನಡೆಸಿದ್ದರೂ ನಿನ್ನ ಪಾದ ಹಿಡಿಯುತ್ತಿದ್ದೆ. ಪೆಟ್ರೋಲ್ ಬಂಕ್ ದಾಟಿದ ಮೇಲೆ ನೀನು ಒಂದು ಕೈಯಲ್ಲಿ ಚೀಲ ಬಿಚ್ಚಿ, ರೊಟ್ಟಿಯಲ್ಲಿ ಬೇಯಿಸಿದ ಕಾಳು ಸುತ್ತಿದ ಬುರ್ರಿತೊದಲ್ಲಿ ಅರ್ಧ ಮುರಿದು ನನ್ನ ಮಡಿಲಿಗಿಟ್ಟೆ.

"ತಿನ್ನು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿಲ್ಲ ನೀನು."

ಅಷ್ಟೇ. ನಾನು ತಿಂದೆ. ಗಂಟಲಲ್ಲಿ ಇಳಿಯದು ಎಂದುಕೊಂಡಿದ್ದೆ, ಸಲೀಸಾಗಿ ಇಳಿಯಿತು. ಅದಕ್ಕೂ ನಾಚಿಕೆಯಾಗುತ್ತದೆ.

ಈ ಕಾಗದವನ್ನು ನಿನ್ನ ಪ್ರತಿಯೊಳಗೆ ಇಟ್ಟು, ತಾಚೊನ ಕೈಗೆ ಕೊಡದೆ ನಾನೇ ಬೇಲಿಯ ಒಳಗೆ ಹಾಕಿ ಹೋಗುತ್ತೇನೆ. ಮೂರನೆಯ ಪುಟ ತೆರೆದು ನೋಡು. ಅವರ ಜಾಹೀರಾತು ಬರಬೇಕಾದ ಜಾಗ ಅದು. ಮಂಗಳವಾರ ರಾತ್ರಿಯೇ ಅದನ್ನು ತೆಗೆಸಿ, ನಿನ್ನ ಮಾತನ್ನು ನೀನು ಹೇಳಿದ ಹಾಗೇ ಹಾಕಿದ್ದೇನೆ, ಕೆಮ್ಮು ಮೊದಲು, ಮರಳು ಆಮೇಲೆ. ಅದರ ಕೆಳಗೆ ನನ್ನದೂ ಇದೆ: ಈ ಪತ್ರಿಕೆಯ ಸಂಪಾದಕಿ ಸಭೆಯ ಬಾಗಿಲಲ್ಲಿ ಜಾಹೀರಾತಿನ ಮಾತು ಕೇಳಿ, ಗೆಳತಿ ನಂಬಿ ಕೊಟ್ಟ ಸಮಯದಲ್ಲಿ ಬಾಯಿ ಮುಚ್ಚಿಕೊಂಡಳು ಎಂದು ಹೆಸರು ಹಾಕಿಯೇ ಬರೆದಿದ್ದೇನೆ. ಕಂಪನಿಯ ಹೆಂಗಸು ಫೋನ್ ಮಾಡಿದಳು. ಮೊದಲಿನ ನಯ ಇರಲಿಲ್ಲ. ಇನ್ನು ಪತ್ರಿಕೆ ಎಷ್ಟು ದಿನವೋ ಗೊತ್ತಿಲ್ಲ.

ಇಡೀ ಊರಿನ ಮುಂದೆ ಮಾನ ಹೋಯಿತಲ್ಲೋ ಎಂದು ತಾಚೊನ ಮುಂದೆ ಗೋಳಾಡಿದೆ. ಅವನು ಕಟ್ಟು ಎತ್ತಿಕೊಳ್ಳುತ್ತಾ, "ಓದೋರು ಎಷ್ಟು ಜನ ಉಳಿದಿದ್ದಾರೆ ಅಂತ ನನಗೆ ಗೊತ್ತಕ್ಕಾ. ಅಷ್ಟು ಜನಕ್ಕೆ ನಾಚ್ಕೊಂಡ್ರೆ ಸಾಕು," ಎಂದ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಇದರಿಂದ ಏನೂ ಸರಿಹೋಗದು ಎಂದು ಬಲ್ಲೆ. ಮತ ಹಾಕಿ ಮುಗಿದ ಮೇಲೆ ಅಚ್ಚಾದ ಮಾತು ನಿನ್ನ ಬಾವಿಗೆ ಒಂದು ಕೊಡ ನೀರನ್ನೂ ತರುವುದಿಲ್ಲ. ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಕ್ಷಮಿಸಬೇಡ. ಬೈಯಬೇಕು ಅನ್ನಿಸಿದರೆ ಬುಧವಾರ ಬಂದು, ಹಾಳೆ ಮಡಿಸುತ್ತಾ ಬೈಯಿ. ಕುರ್ಚಿ ಅಲ್ಲೇ ಇದೆ.

ನಿನ್ನ ಗಂಟಲಾಗಲು ಒಪ್ಪಿ, ಆಗದೆ ಹೋದ
ಎರ್ಲಿಂದಾ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆ ಹೆಂಗಸು ಮಂಗಳವಾರ ಬಾಗಿಲಲ್ಲಿ ಸಿಕ್ಕಳು ಎಂದು ಮೇಲೆ ಬರೆದದ್ದು ಸುಳ್ಳು. ಪತ್ರಿಕೆಯಲ್ಲಿ ಅಚ್ಚಾದದ್ದೂ ಅದೇ ಸುಳ್ಳು. ಅವಳು ಕಚೇರಿಗೆ ಬಂದದ್ದು ಅದಕ್ಕೆ ಮುಂಚಿನ ಶುಕ್ರವಾರ. ಜಾಹೀರಾತಿನ ಒಪ್ಪಂದಕ್ಕೆ ಅಂದೇ ಸಹಿ ಹಾಕಿದ್ದೆ. ಭಾನುವಾರ ನಿನ್ನ ಮೇಜಿನ ಮುಂದೆ ಕೂತು, ನೀನು ತಿದ್ದಿದ ಹಾಗೆಲ್ಲ ಒಪ್ಪಿಸುವಾಗ, ಆ ಮಾತನ್ನು ಸಭೆಯಲ್ಲಿ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಲ್ವಾ ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡೆ. ಮುಂದಿನ ವಾರ ಪತ್ರಿಕೆ ಬಂದರೆ ಇದನ್ನೂ ಹಾಕುತ್ತೇನೆ. ಮೊದಲು ನಿನಗೆ ತಿಳಿಯಲಿ.