ತಾಲೀಮಿನಲ್ಲಿ ಆಡದ ಮಾತು

ಎಮ್ರಿಸ್,

'ಪ್ರೀತಿಯ' ಎಂದು ಬರೆಯಹೊರಟೆ, ಕೈ ಬರಲಿಲ್ಲ. ಕೊನೆಗಾದರೂ ಬರುತ್ತದೋ ನೋಡೋಣ.

ಲಂಡನ್ನಿನ ಈ ದೊಡ್ಡ ರಂಗಮಂದಿರದ ಬಣ್ಣದ ಕೋಣೆಯಲ್ಲಿ ಕೂತು ಏಳುತ್ತಿದ್ದೇನೆ, ಎದ್ದು ಕೂರುತ್ತಿದ್ದೇನೆ. ಟೀ ತಣ್ಣಗಾಯಿತು, ಇನ್ನೊಂದು ಮಾಡಿಕೊಂಡೆ, ಅದೂ ತಣ್ಣಗಾಯಿತು. ಬೆಳಿಗ್ಗೆ ನೀನು ಬಂದು, ನನ್ನ ಮುಖ ನೋಡದೆ, ಕನ್ನಡಿಗೆ ಹೇಳುವವನಂತೆ, "ಡಿಲಿಸ್, ಕೊನೇ ಸಾಲು ಸ್ವಲ್ಪ ಬದಲಾಗಿದೆ" ಅಂದು ಹೋದೆಯಲ್ಲ, ಆಗಿನಿಂದ ಹೀಗೇ.

ನಿನ್ನ ಈ ನಾಟಕದಲ್ಲಿ ಗಣಿ ಕುಸಿದು ಮಗನನ್ನು ಕಳಕೊಂಡ ತಾಯಿ ನಾನು. ವಿಚಾರಣೆಗೆ ಬಂದ ದೊಡ್ಡವರಿಗೆ "ನನ್ನ ಮಗ ಸಾಯ್ಲಿಲ್ಲ, ನೀವು ಕೊಂದ್ರಿ" ಅನ್ನಬೇಕಿತ್ತು. ಈಗ "ನನ್ನ ಮಗ ಹೋದ, ಯಾರನ್ನ ದೂರಲಿ?" ಅನ್ನಬೇಕಂತೆ. ದೂರುವುದಕ್ಕೆ ಜನ ಇಲ್ಲವೇನೋ? ನಮ್ಮ ಕಣಿವೆಯಲ್ಲಿ ನಿಜವಾಗಿ ಗಣಿ ಕುಸಿದಾಗ, ವಿಚಾರಣೆಯಲ್ಲಿ ಯಾರ ತಪ್ಪೂ ಇಲ್ಲವೆಂದು ತಲೆಯಾಡಿಸಿ ಎದ್ದುಹೋದವನೇ ಈಗ ಮಂತ್ರಿ, ಇವತ್ತು ಸಂಜೆ ನಿನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾನೆ. ಹೊಸ ವರ್ಷಕ್ಕೆ ಅವನ ಸರ್ಕಾರ ನಿನಗೆ 'ಸರ್' ಪದವಿ ಕೊಡುತ್ತದೆ ಎಂದು ಊರಿಗೆಲ್ಲ ಗೊತ್ತು. ನನ್ನ ಹೊಟ್ಟೆ ಉರಿಯುತ್ತಿರುವುದು ಪದವಿಗಲ್ಲ.

ಗಣಿ ಕಾರ್ಮಿಕರ ಸಭಾಂಗಣದಲ್ಲಿ ನಿನ್ನ ಮೊದಲ ನಾಟಕ ನೆನಪಿದೆಯಾ? ಗಣಿಯ ಮ್ಯಾನೇಜರ್ ಮುಂದೆಯೇ ಬಂದು ಕೂತಿದ್ದ. ಅವನನ್ನು ಬೈಯುವ ಭಾಗ ಬಿಟ್ಟುಬಿಡು ಎಂದು ಪರದೆಯ ಹಿಂದೆ ನನ್ನನ್ನು ಗೋಗರೆದೆ, ಕಾಲು ಹಿಡಿಯುವುದೊಂದು ಬಾಕಿ. ಟೀ ಹಂಚುತ್ತಿದ್ದ ನಮ್ಮಮ್ಮ ಕೇಳಿಸಿಕೊಂಡಳು. "ಅಲ್ಲ ಕಣೋ, ಬರೆಯೋವಾಗ ಇದ್ದ ಧೈರ್ಯ ಈಗೆಲ್ಲಿ ಹೋಯ್ತು? ಹೆದರಿಕೆ ಆದ್ರೆ ಹೊರಗೆ ಹೋಗಿ ನಿಂತ್ಕೋ. ಇವಳು ಹೇಳ್ತಾಳೆ." ನೀನು ಹೊರಗೆ ಹೋಗಿ ನಿಂತೆ, ನಾನು ಹೇಳಿದೆ, ಚಪ್ಪಾಳೆ ಕೇಳಿ ನೀನು ಓಡಿಬಂದೆ. ನಿನ್ನ ಹೆಸರು ಶುರುವಾದದ್ದು ಅಲ್ಲಿಂದ. ಆಮೇಲೆ ಯುದ್ಧದ ಮೇಲೆ ಬರೆದೆ, ಜೈಲಿನ ಮೇಲೆ ಬರೆದೆ, ಪಾರ್ಲಿಮೆಂಟಿನವರ ನಿದ್ದೆಗೆಡಿಸಿದೆ. ಪ್ರತಿ ಸಲವೂ ಹೆದರಿದೆ, ಆದರೆ ಬರೆದದ್ದನ್ನು ಅಳಿಸಲಿಲ್ಲ. ಇದೇ ಮೊದಲು.

ನಮ್ಮ ನಾಟಕದವರ ಪದ್ಧತಿಯೇ ನಿನ್ನನ್ನು ಸಿಕ್ಕಿಹಾಕಿಸಿತು ನೋಡು. ಕೊನೆಯ ಸಾಲನ್ನು ತಾಲೀಮಿನಲ್ಲಿ ಬಾಯಿಬಿಟ್ಟು ಹೇಳಿದರೆ ಅಪಶಕುನ. ಇಷ್ಟು ವಾರ ಆ ಜಾಗಕ್ಕೆ ಬಂದಾಗಲೆಲ್ಲ "ಟಂಟಣ ಟಂಟಣ" ಎಂದು ಮುಗಿಸಿದೆ, ಎಲ್ಲರೂ ನಕ್ಕರು. ಹಾಗಾಗಿ ಇವತ್ತು ನನ್ನ ಬಾಯಿಂದ ಏನು ಬರುತ್ತದೆ ಎಂದು ನಿರ್ದೇಶಕನಿಗೂ ಗೊತ್ತಿಲ್ಲ. ನನಗೆ ಗೊತ್ತು. ಹಳೆಯದನ್ನೇ ಹೇಳುತ್ತೇನೆ. ಆಮೇಲೆ ಈ ಊರಿನಲ್ಲಿ ಯಾರೂ ನನಗೆ ಪಾತ್ರ ಕೊಡಲಿಕ್ಕಿಲ್ಲ. ಸುಳ್ಳೇಕೆ ಹೇಳಲಿ, ಹೆದರಿಕೆ ಆಗುತ್ತಿದೆ.

ಈ ಕಾಗದ ಮಧ್ಯಂತರದಲ್ಲಿ ನಿನ್ನ ಕೈಗೆ ಬರುತ್ತದೆ. ಓಡಿಬಂದು ತಡೆಯಬೇಡ, ಬಾಗಿಲು ಹಾಕಿಕೊಂಡಿರುತ್ತೇನೆ. ಪರದೆ ಬಿದ್ದ ಮೇಲೆ ಮಂತ್ರಿ ನಿನ್ನತ್ತ ತಿರುಗುತ್ತಾನಲ್ಲ, "ಮುದುಕಿ ಸಾಲು ಮರೆತಳು" ಅಂದುಬಿಡು. ನಾನು ಅಲ್ಲ ಎನ್ನುವುದಿಲ್ಲ. ನಿನ್ನ ಪದವಿ ನಿನಗೆ ಉಳಿಯುತ್ತದೆ. ಹಾಗನ್ನಲು ನಾಲಿಗೆ ಏಳದಿದ್ದರೆ ಒಳಗೆ ಬಾ. ಟೀ ಬಿಸಿಯಾಗಿ ಇಟ್ಟಿರುತ್ತೇನೆ.

ಬಂದರೂ ಬರದಿದ್ದರೂ ಚೆನ್ನಾಗಿರು, ಪ್ರೀತಿಯ ಎಮ್ರಿಸ್.

ನೀನು ಬರೆದದ್ದನ್ನೇ ಹೇಳುವ,
ಡಿಲಿಸ್