ಅದೇ ಟ್ರೇ

ಸಲ್ವಾ, ಕುವೈತ್

ಬಾಳಪ್ಪ ಮಾಸ್ತರರಿಗೆ ನೀಲವ್ವಳ ಶರಣಾರ್ಥಿ.

ಇಲ್ಲಿ ನನ್ನ ಕೈಗೆ ಫೋನು ಕೊಡುವುದು ಶುಕ್ರವಾರ ಮಾತ್ರ. ಅದಕ್ಕೇ ಊರಿಗೆ ಹೊರಟ ಡ್ರೈವರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಾನು ಕೆಲಸಕ್ಕಿರುವ ಈ ಮನೆಯ ಅಜ್ಜಿ ಮಧ್ಯಾಹ್ನ ಅಮೆರಿಕದ ಹಳೆಯ ಸಿನಿಮಾ ನೋಡುತ್ತಾರೆ. ಅದರಲ್ಲಿ ನನ್ನಂತೆ ಕಪ್ಪಗಿನ ಒಬ್ಬ ನಟಿ ಬರುತ್ತಾಳೆ. ಹತ್ತು ಸಿನಿಮಾದಲ್ಲೂ ಕೆಲಸದವಳೇ. ಒಂದೇ ಮಾತಿನಲ್ಲಿ ನೋಡುವವರಿಗೆ ನಾಯಕಿಯನ್ನೇ ಮರೆಸಿ ಒಳಗೆ ಹೋಗುತ್ತಾಳೆ. ಮೊದಲಿನ ಸಿನಿಮಾದಲ್ಲಿ ಹರೆಯದವಳು, ಕೊನೆಯದರಲ್ಲಿ ಕೂದಲು ನರೆತಿದೆ, ಕೈಯಲ್ಲಿ ಅದೇ ಟ್ರೇ.

ನಿಮ್ಮ ನಾಟಕ ಕಂಪನಿಯಲ್ಲಿ ನಾನೂ ಹನ್ನೊಂದು ವರ್ಷ ದಾಸಿಯಾಗಿದ್ದೆ. ರಾಣಿಯ ಪಾರ್ಟು ಕೇಳಿದರೆ, "ದಾಸಿ ನೀನ ಮಾಡಬೇಕವಾ, ನಿನ್ಹಂಗ ಯಾರಿಗೂ ಬರೂದಿಲ್ಲ" ಅಂದಿರಿ. ಆ ಸಿಟ್ಟಿಗೇ ಇಲ್ಲಿಗೆ ಬಂದೆ.

ಬಂದವಳು ಒಂದು ತಪ್ಪು ಮಾಡಿದೆ. ಅಜ್ಜಿ ಊಟ ಬಿಟ್ಟಾಗ, ನಗಿಸೋಣವೆಂದು ಟ್ರೇ ಹಿಡಿದು ಆ ನಟಿಯ ಹಾಗೆಯೇ ನಡೆದು ತೋರಿಸಿದೆ. ನಕ್ಕು ಉಂಡರು. ಈಗ ಆ ಆಟವಿಲ್ಲದೆ ತುತ್ತು ಮುಟ್ಟುವುದಿಲ್ಲ. ಅವರ ಮಗನೇ ನನ್ನ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ. ನನ್ನನ್ನು ಕೇಳದೆಯೇ ಇಕಾಮಾವನ್ನು, ಇಲ್ಲಿರುವ ಪರವಾನಗಿಯನ್ನು, ಇನ್ನೆರಡು ವರ್ಷಕ್ಕೆ ಮಾಡಿಸಿದ್ದಾನೆ. ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿದೆ. ಊರಿಗೆ ಕಳಿಸಿ ಅಂದರೆ, ನೀವು ಅಂದ "ಯಾರಿಗೂ ಬರೂದಿಲ್ಲ" ಅನ್ನುವ ಮಾತನ್ನೇ ಹರಕು ಹಿಂದಿಯಲ್ಲಿ ಅನ್ನುತ್ತಾನೆ.

ನನ್ನ ಮಗಳು ಸೌಂದರ್ಯಾ ಕಂಪನಿ ಸೇರಿದಳಂತೆ. ಅವಳಿಗೂ ದಾಸಿಯ ಪಾರ್ಟು ಕೊಟ್ಟಿದ್ದೀರಂತೆ. ಇರಲಿ, ಮೊದಲು ಅದನ್ನೇ ಕಲಿಯಲಿ. ಆದರೆ ಅವಳಿಗೆ ಚಪ್ಪಾಳೆ ಬಿದ್ದ ಮರುದಿನವೇ ಆ ಪಾರ್ಟು ಬಿಡಿಸಿರಿ.

ಇಂತಿ,
ನೀಲವ್ವ