ಒಳಗೆ ಬಿಟ್ಟ ಎರಡು ಬೆರಳು ಬಟ್ಟೆ

ಯೇನಾ, ಜರ್ಮನಿ, ಮಾರ್ಚ್ 2002

ತಂಗಿ ಗಂಗವ್ವಗೆ,

ನಿನ್ನ ಅಕ್ಕ ಜೈಲಿಗೆ ಹೋಗದೆ ಕ್ಷೇಮವಾಗಿದ್ದಾಳೆ. ಈ ಕಾರ್ಡಿನ ಮೇಲಿರುವ ಗೌನನ್ನು ನಿನ್ನೆ ಮ್ಯೂಸಿಯಮ್ಮಿನಲ್ಲಿ ನೋಡಿದೆ. ನೂರೈವತ್ತು ವರ್ಷದ ಹಿಂದೆ ಒಬ್ಬ ದರ್ಜಿ ಹೆಂಗಸು ಸಾಹುಕಾರನ ಹೆಂಡತಿಗೆ ಹೊಲಿದದ್ದಂತೆ. ಸೊಂಟ ನಮ್ಮ ತಂಬಿಗೆಯ ಕೊರಳಷ್ಟೇ ಇದೆ. ಒಳಹೊಲಿಗೆ ನೋಡೋಣವೆಂದು ಬಗಲಿಗೆ ಕೈ ಹಾಕಿದ್ದೇ ತಡ, ಗಂಟೆ ಹೊಡೆದುಕೊಂಡಿತು. ಕಂಪ್ಯೂಟರ್ ಕೆಲಸಕ್ಕೆಂದು ಇಲ್ಲಿಯವರು ಕೊಟ್ಟ ಗ್ರೀನ್ ಕಾರ್ಡಿನ ಅಳಿಯ ನನ್ನ ಗುರುತೇ ಇಲ್ಲದವನಂತೆ ಗೌನು ತೊಡಿಸಿದ ಬೇರೆ ಗೊಂಬೆ ನೋಡುತ್ತ ನಿಂತ. ಮಗಳು, "ಅವ್ವಾ, ಕೈ ತಗಿ, ಇದು ನಮ್ಮ ಟೇಲರ್ ಅಂಗಡಿ ಅಲ್ಲ" ಅಂದಳು.

ಅಷ್ಟರಲ್ಲಿ ನಾನು ನೋಡಿಯಾಗಿತ್ತು. ಆ ಪುಣ್ಯಾತ್ಗಿತ್ತಿ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದಾಳೆ. ಸಾಹುಕಾರನ ಹೆಂಡತಿ ದಪ್ಪಗಾದಾಗ ಬಿಚ್ಚಿ ಹಿಗ್ಗಿಸಿದ ಗುರುತೂ ಇದೆ. ನೀನು ಹೊಲಿದುಕೊಟ್ಟ ಜಂಪರಿನಲ್ಲಿ ಒಂದು ನೂಲೂ ಬಿಟ್ಟಿಲ್ಲ.

ಆರೋಗ್ಯ ಚೆನ್ನಾಗಿದೆ, ಇಲ್ಲಿ ಬೆಣ್ಣೆ ಬಹಳ. ಮೊನ್ನೆ ಕಳಿಸಿದ ಫೋಟೋದಲ್ಲಿ ನಾನು ಶಾಲು ಹೊದ್ದಿರುವುದು ಚಳಿಗಲ್ಲ.

ನೀಲವ್ವ